ನಾಲ್ಕು ಸುವಾರ್ತೆಗಳೂ ನಾಲ್ಕು ಶೂನ್ಯಸಂಪಾದನೆಗಳೂ

ಧರ್ಮಗ್ರಂಥವೊಂದನ್ನು ಶಾಸ್ತ್ರೀಯವಾಗಿ ವ್ಯಾಸಂಗಮಾಡುವುದೆಂದರೆ ಅದರಲ್ಲಿರುವ ಶ್ರದ್ಧೆಯನ್ನು ಕದಲಿಸುವುದೆಂಬ ಶಂಕೆ ಕನ್ನಡನಾಡಿನಲ್ಲಿ ಇನ್ನೂ ಪೂರ್ಣವಾಗಿ ತೊಲಗಿಲ್ಲ. ಬೈಬಲಿನ ವಿಷಯದಲ್ಲಂತೂ ಈ ಶಂಕೆಗೆ ಇನ್ನೊಂದು ಕಾರಣವುಂಟು. ಅಲ್ಲಿ ಬಳಸುವ ವಿಮರ್ಶಪದ್ಧತಿಗಳು ಬಹುಮಟ್ಟಿಗೆ ಜರ್ಮನಿಯ ವಿಶ್ವವಿದ್ಯಾನಿಲಯಗಳಲ್ಲಿ ಬೆಳೆದವು. ಅವುಗಳ ಹೆಸರುಗಳೂ ಅಪರಿಚಿತವಾದವು. ಆದರೆ ಆ ಪದ್ಧತಿಗಳು ಕೇಳುವ ಪ್ರಶ್ನೆಗಳು ಕನ್ನಡದ ಗ್ರಂಥಸಂಪಾದಕರಿಗೆ ಹೊಸವಲ್ಲ. ಶೂನ್ಯಸಂಪಾದನೆಗಳನ್ನು ಪಕ್ಕದಲ್ಲಿರಿಸಿಕೊಂಡು ನೋಡಿದರೆ ಆ ಪದ್ಧತಿಗಳ ಬಲವೂ ಮಿತಿಯೂ ಒಟ್ಟಿಗೆ ಸ್ಪಷ್ಟವಾಗುವುವು.

ಮೊದಲನೆಯದು ಪಾಠಪರಿಶೋಧನೆ. ಮಾರ್ಕನ ಸುವಾರ್ತೆಯ ಕಡೆಯ ಹನ್ನೆರಡು ವಚನಗಳು 4ನೆಯ ಶತಮಾನದ ಸಿನಾಯ್ ಮತ್ತು ವ್ಯಾಟಿಕನ್ ಹಸ್ತಪ್ರತಿಗಳಲ್ಲಿ ಇಲ್ಲ. ಪ್ರತಿಗಳನ್ನು ತೂಗಿನೋಡಿ ಇಂಥ ಭಾಗ ಪ್ರಕ್ಷಿಪ್ತವೋ ಅಲ್ಲವೋ ಎಂದು ನಿರ್ಣಯಿಸುವುದು, ಓಲೆಗರಿಗಳ ಪಾಠಾಂತರಗಳೊಡನೆ ಹೆಣಗಿದ ಯಾವ ಸಂಪಾದಕನಿಗೂ ತಿಳಿದ ಕೆಲಸವೇ ಸರಿ.

ಎರಡನೆಯದು ಆಕರವಿಮರ್ಶೆ. ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳನ್ನು ಗ್ರೀಸ್‌ಬಾಖನು 18ನೆಯ ಶತಮಾನದ ಉತ್ತರಾರ್ಧದಲ್ಲಿ ಸಾಲುಸಾಲಾಗಿ ಜೋಡಿಸಿ ಅಚ್ಚುಮಾಡಿಸಿದ ಮೇಲೆ, ಅವುಗಳ ಸಾಮ್ಯ ಆಕಸ್ಮಿಕವಲ್ಲವೆಂಬುದು ಕಣ್ಣಿಗೆ ಕಟ್ಟಿತು. ಮಾರ್ಕನದೇ ಮೊದಲನೆಯ ಕೃತಿ, ಉಳಿದಿಬ್ಬರು ಅದನ್ನೂ ಯೇಸುವಿನ ಉಪದೇಶಗಳ ಬೇರೊಂದು ಸಂಗ್ರಹವನ್ನೂ ಬಳಸಿಕೊಂಡರು ಎಂಬ ವಾದ 19ನೆಯ ಶತಮಾನದಲ್ಲಿ ಬಲಗೊಂಡಿತು. ಆ ಸಂಗ್ರಹದ ಪ್ರತಿ ಮಾತ್ರ ಈವರೆಗೆ ದೊರೆತಿಲ್ಲ. ಅದು ಅನಾವಶ್ಯಕವಾದ ಕಲ್ಪನೆಯೆಂದು ಆಸ್ಟಿನ್ ಫ್ಯಾರರ್ 1955ರಲ್ಲಿ ಆಕ್ಷೇಪಿಸಿದನು.

ಮೂರನೆಯದು ರೂಪವಿಮರ್ಶೆ. ಬರವಣಿಗೆಗೆ ಮುಂಚೆ ಬಾಯಿಂದ ಬಾಯಿಗೆ ಸಾಗಿದ ಕಥೆ, ಉಪಮೆ, ಸೂಕ್ತಿಗಳ ಆಕಾರವನ್ನೂ ಅವು ಬಳಕೆಯಲ್ಲಿದ್ದ ಸಂದರ್ಭವನ್ನೂ ಅರಸುವ ಈ ಮಾರ್ಗವನ್ನು ಗುಂಕೆಲನು ಆದಿಕಾಂಡದ ವಿಷಯದಲ್ಲಿ 1901ರಲ್ಲಿಯೂ ಬುಲ್ಟ್‌ಮಾನನು ಸುವಾರ್ತೆಗಳ ವಿಷಯದಲ್ಲಿ 1921ರಲ್ಲಿಯೂ ತೋರಿಸಿಕೊಟ್ಟರು. ನಾಲ್ಕನೆಯದಾದ ಸಂಪಾದನವಿಮರ್ಶೆ ದೃಷ್ಟಿಯನ್ನು ಮತ್ತೆ ಗ್ರಂಥಕರ್ತನ ಕಡೆಗೆ ತಿರುಗಿಸಿತು. ಕಾಂಜೆಲ್ಮಾನನು 1954ರಲ್ಲಿ ಲೂಕನನ್ನು ಕುರಿತೂ ಮಾರ್ಕ್ಸೆನ್ನನು 1956ರಲ್ಲಿ ಮಾರ್ಕನನ್ನು ಕುರಿತೂ ಕೇಳಿದ ಪ್ರಶ್ನೆ ಒಂದೇ: ಬಂದ ಸಾಮಗ್ರಿಯನ್ನು ಈತನು ಹೀಗೇಕೆ ಜೋಡಿಸಿದನು?

ಈ ಪ್ರಶ್ನೆಗೆ ಕನ್ನಡದಲ್ಲಿ ಸಿದ್ಧವಾಗಿರುವ ಕ್ಷೇತ್ರವೇ ಶೂನ್ಯಸಂಪಾದನೆ. ಶಿವಗಣಪ್ರಸಾದಿ ಮಹಾದೇವಯ್ಯನು ಚದುರಿದ್ದ ವಚನಗಳನ್ನು ಆಯ್ದು ಪ್ರಭುದೇವನನ್ನು ಕೇಂದ್ರವಾಗಿರಿಸಿ ಸಂವಾದರೂಪದಲ್ಲಿ ಹೆಣೆದನು. ಅನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಇವರು ಅದನ್ನೇ ಪರಿಷ್ಕರಿಸಿದರು. ಮೊದಲ ಕೃತಿಯಲ್ಲಿಲ್ಲದ ಸಿದ್ಧರಾಮನ ಲಿಂಗದೀಕ್ಷೆಯನ್ನು ಹಲಗೆಯಾರ್ಯನು ಸೇರಿಸಿದನು. ಇದನ್ನು ಬರಿಯ ವಿಸ್ತರಣವೆಂದು ತಿಳಿಯಲಾಗದು. ದೀಕ್ಷೆಯಿಲ್ಲದೆ ಶರಣತ್ವ ಪೂರ್ಣವಾಗುವುದೇ ಎಂಬ ವಿಚಾರದಲ್ಲಿ ಆತನ ನಿಲುವು ಆ ಸೇರಿಕೆಯಲ್ಲಿಯೇ ವ್ಯಕ್ತವಾಗಿದೆ. ಸಂಪಾದಕನು ತನ್ನ ಮತವನ್ನು ಜೋಡಣೆಯಿಂದಲೇ ಹೇಳಬಲ್ಲನೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಹೋಲಿಕೆಯನ್ನು ಮಿತಿಮೀರಿ ಎಳೆಯಬಾರದು. ವಚನಕ್ಕೆ ಅಂಕಿತವುಂಟು, ಸಂಪಾದನೆಯ ಹೊರಗೆ ಬೇರೆ ಕಟ್ಟುಗಳಲ್ಲಿಯೂ ಅದು ದೊರೆಯುವುದುಂಟು. ಆದುದರಿಂದ ಸಂಪಾದಕನು ಏನನ್ನು ಆಯ್ದನು, ಏನನ್ನು ಬಿಟ್ಟನು ಎಂಬುದನ್ನು ಅನೇಕ ಕಡೆ ಪ್ರತ್ಯಕ್ಷವಾಗಿ ತೋರಿಸಬಹುದು. ಸುವಾರ್ತೆಗಳ ಸೂಕ್ತಿಗಳಿಗೆ ಅಂಥ ಮುದ್ರೆಯಿಲ್ಲ. ಅಲ್ಲಿ ಆಕರವು ಬಹಳ ಕಡೆ ಊಹಿತವಾದುದು. ಊಹೆಯ ಮೇಲೆ ನಿಂತ ಸಂಪಾದನವಿಮರ್ಶೆ ಎಷ್ಟು ಸೊಗಸಾಗಿದ್ದರೂ ಅದರ ನಿಶ್ಚಯ ಆ ಊಹೆಯ ನಿಶ್ಚಯವನ್ನು ಮೀರಲಾರದು. ಈ ವಿವೇಕವನ್ನು ಬೈಬಲಿನ ವಿದ್ಯಾರ್ಥಿ ವಚನಸಾಹಿತ್ಯದಿಂದ ಕಲಿಯಬಹುದು.

ಇನ್ನೊಂದು ತೊಡಕು ಭಾಷೆಯದು. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ವಿಲಿಯಂ ರೀವ್ ಇವರ ಶ್ರಮದಿಂದ 19ನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡ ಬೈಬಲ್ ಸಿದ್ಧವಾಯಿತು. ಬಾಸೆಲ್ ಮಿಷನ್ನಿನ ವೈಗ್ಲೆ ಮೊದಲಾದವರು ಮುಂದೆ ಅದನ್ನು ತಿದ್ದಿದರು. ಭಾಷಾಂತರವೇ ಒಂದು ವ್ಯಾಖ್ಯಾನ. ಯೋಹಾನನ ಸುವಾರ್ತೆಯ ಆರಂಭದ ‘ಲೋಗಸ್’ ಎಂಬ ಗ್ರೀಕ್ ಪದಕ್ಕೆ ಮಾತು, ವಿವೇಕ, ವಿಶ್ವನಿಯಮ ಎಂಬ ಅರ್ಥಚ್ಛಾಯೆಗಳುಂಟು. ‘ವಾಕ್ಯ’ವೆಂಬ ಕನ್ನಡ ಪದ ಮೊದಲನೆಯದನ್ನು ಉಳಿಸಿಕೊಂಡು ಉಳಿದವನ್ನು ಮರೆಮಾಡಿತು, ವೇದಾಂತದ ಮಹಾವಾಕ್ಯಗಳ ನೆನಪನ್ನು ತಾನೇ ತಂದುಕೊಂಡಿತು.

ಹಾಗಾದರೆ ಮದ್ದೂರಿನ ಬಳಿಯ ಸೋಮನಹಳ್ಳಿಯಂಥ ಊರಿನಲ್ಲಿ ಹೀಬ್ರೂ ಗ್ರೀಕುಗಳನ್ನು ಅರಿಯದ ಕನ್ನಡ ಉಪಾಧ್ಯಾಯನಿಗೆ ಈ ವ್ಯಾಸಂಗದಲ್ಲಿ ಸ್ಥಾನವಿಲ್ಲವೆ? ಇದೆ. ಪದಸಾಮ್ಯದ ಮೇಲೆ ನಿಲ್ಲುವ ವಾದಗಳನ್ನು ಅವನು ಕನ್ನಡ ಪಾಠದಿಂದ ನಿರ್ಣಯಿಸಲಾರನು. ಕ್ರಮ, ಸೇರಿಕೆ, ಲೋಪಗಳನ್ನು ಚೆನ್ನಾಗಿ ಪರೀಕ್ಷಿಸಬಲ್ಲನು. ಸ್ವಂತ ಊರಿನಲ್ಲಿ ಯೇಸು ತಿರಸ್ಕೃತನಾದ ಪ್ರಸಂಗ ಮಾರ್ಕನಲ್ಲಿ 6ನೆಯ ಅಧ್ಯಾಯದಲ್ಲಿದೆ. ಲೂಕನು ಅದನ್ನು 4ನೆಯ ಅಧ್ಯಾಯಕ್ಕೆ, ಯೇಸುವಿನ ಸೇವೆಯ ಮೊದಲಿಗೇ, ತಂದಿದ್ದಾನೆ. ಆದರೆ ಅಲ್ಲಿ ಕಪೆರ್ನೌಮಿನಲ್ಲಿ ಆಗಲೇ ನಡೆದ ಕಾರ್ಯಗಳ ಮಾತು ಬರುತ್ತದೆ. ಆ ಊರಿಗೆ ಯೇಸು ಬರುವುದನ್ನು ಲೂಕನು ಹೇಳುವುದು ಅನಂತರ. ಸ್ಥಾನಾಂತರದ ಈ ಹೊಲಿಗೆ ಕನ್ನಡದಲ್ಲಿಯೂ ಹಾಗೆಯೇ ಕಾಣುತ್ತದೆ.

ಹೊಲಿಗೆಯನ್ನು ಕಂಡವನು ಬಟ್ಟೆಯನ್ನು ಹರಿದನೆಂದು ಹೇಳಲಾಗದು. ತಿರಸ್ಕಾರವನ್ನು ಆರಂಭದಲ್ಲಿಯೇ ಇಟ್ಟು ಲೂಕನು ಮುಂದಿನ ಕಥೆಗೆಲ್ಲ ಸೂಚನೆ ಕೊಟ್ಟನೆಂದು ತಿಳಿದಾಗ ಗ್ರಂಥದ ಅರ್ಥ ಹೆಚ್ಚುವುದೇ ಹೊರತು ಕುಗ್ಗುವುದಿಲ್ಲ. ಹಲಗೆಯಾರ್ಯನನ್ನು ಈ ರೀತಿ ಓದಲು ಒಪ್ಪುವ ವಿದ್ವಾಂಸರು ಲೂಕನನ್ನೂ, ಲೂಕನನ್ನು ಈ ರೀತಿ ಓದುವವರು ಹಲಗೆಯಾರ್ಯನನ್ನೂ ಅದೇ ತಕ್ಕಡಿಯಲ್ಲಿ ತೂಗುವುದು ನ್ಯಾಯ.