ಕೈಯ ವೇಗ ಅಳೆದರೆ ಸಾಲದು

2005ರ ಮಾರ್ಚ್ 23. ಅಮೆರಿಕದ ಟೆಕ್ಸಾಸ್ ಸಿಟಿಯಲ್ಲಿದ್ದ ಬಿಪಿ ತೈಲ ಸಂಸ್ಕರಣಾಗಾರದಲ್ಲಿ 170 ಅಡಿ ಎತ್ತರದ ಗೋಪುರಕ್ಕೆ ಮೂರು ಗಂಟೆ ದ್ರವ ತುಂಬುತ್ತಲೇ ಇತ್ತು. ಹೊರಹೋಗುವ ದಾರಿ ಮುಚ್ಚಿತ್ತು. ದ್ರವ 158 ಅಡಿಗೆ ಏರಿದ್ದಾಗ ಕಂಟ್ರೋಲ್ ರೂಮಿನ ಮಾಪಕ ತೋರಿಸಿದ್ದು ಎಂಟು ಅಡಿಗಿಂತ ಕಡಿಮೆ, ಅದೂ ಇಳಿಯುತ್ತಿರುವಂತೆ. ಒಳಹರಿವು ಒಂದು ಪರದೆಯಲ್ಲಿ, ಹೊರಹರಿವು ಇನ್ನೊಂದರಲ್ಲಿ. ಎರಡನ್ನೂ ತಾಳೆ ನೋಡುವ ಕೆಲಸ ಆಪರೇಟರ್‌ನ ತಲೆಗೇ ಬಿಡಲಾಗಿತ್ತು. ಕೊನೆಗೆ ದ್ರವ ಉಕ್ಕಿ ಸಂಭವಿಸಿದ ಸ್ಫೋಟದಲ್ಲಿ 15 ಮಂದಿ ಸತ್ತರು, 180 ಮಂದಿ ಗಾಯಗೊಂಡರು.

ಇಂಥ ಪರದೆಗಳನ್ನು ನಾವು ಹೇಗೆ ಪರೀಕ್ಷಿಸುತ್ತೇವೆ? ಸಾಮಾನ್ಯವಾಗಿ ಗಡಿಯಾರ ಹಿಡಿದು. ವಾಲ್ವ್ ಹುಡುಕಲು ಎಷ್ಟು ಸೆಕೆಂಡು, ತಪ್ಪು ಒತ್ತಿದ್ದು ಎಷ್ಟು ಸಲ, ಅಲಾರಂಗೆ ಎಷ್ಟು ಬೇಗ ಸ್ಪಂದಿಸಿದ. ಇವು ಬೇಕಾದ ಅಂಕಿಗಳೇ, ಆದರೆ ಅಳೆಯುವುದು ಕೈಯನ್ನು. 1994ರಲ್ಲಿ ವೇಲ್ಸ್‌ನ ಮಿಲ್‌ಫರ್ಡ್ ಹೇವನ್‌ನ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟಕ್ಕೆ ಮುಂಚಿನ ಸುಮಾರು 11 ನಿಮಿಷಗಳಲ್ಲಿ ಇಬ್ಬರು ಆಪರೇಟರ್‌ಗಳ ಮುಂದೆ 275 ಅಲಾರಂ ಬಂದವು. ಅಲ್ಲಿ ಗುಂಡಿ ಒತ್ತಿ ಸದ್ದು ನಿಲ್ಲಿಸಿದ್ದನ್ನೇ ಸ್ಪಂದನೆ ಎಂದು ಎಣಿಸಿದರೆ ಯಾರಿಗೆ ಲಾಭ?

ಕೆಲಸದ ಹೊರೆ ಅಳೆಯಲು 1988ರಲ್ಲಿ ಸಂಶೋಧಕರಾದ ಹಾರ್ಟ್ ಮತ್ತು ಸ್ಟೇವ್‌ಲ್ಯಾಂಡ್ ಪ್ರಕಟಿಸಿದ ನಾಸಾ-ಟಿಎಲ್‌ಎಕ್ಸ್ ಎಲ್ಲೆಡೆ ಬಳಕೆಯಲ್ಲಿದೆ. ಮನಸ್ಸಿನ ಶ್ರಮ, ಸಮಯದ ಒತ್ತಡ, ಹತಾಶೆ ಸೇರಿ ಆರು ಅಂಶಗಳಿಗೆ ಆಪರೇಟರ್ ತಾನೇ ಅಂಕ ಕೊಡುತ್ತಾನೆ. ಅವನಿಗೆ ಅನಿಸಿದ ಹೊರೆಯನ್ನು ಇದು ಚೆನ್ನಾಗಿ ಹಿಡಿಯುತ್ತದೆ. ಆದರೆ ಅಪಾಯವೇ ಗೊತ್ತಿಲ್ಲದವನಿಗೆ ಹೊರೆಯೂ ಕಾಣದು. ಅವನ ಕಡಿಮೆ ಅಂಕವನ್ನು ಪರದೆಯ ಗೆಲುವೆಂದು ಓದಿದರೆ ಮೋಸ ಹೋಗುತ್ತೇವೆ.

ಆಪರೇಟರ್‌ನ ತಿಳಿವಳಿಕೆಯನ್ನೇ ಅಳೆಯುವ ಹೆಚ್ಚು ಪ್ರಾಮಾಣಿಕ ವಿಧಾನ ಸಂಶೋಧಕಿ ಮೈಕಾ ಎಂಡ್ಸ್‌ಲಿ ರೂಪಿಸಿದ ಸಾಗಾಟ್. ಸಿಮ್ಯುಲೇಟರನ್ನು ಥಟ್ಟನೆ ನಿಲ್ಲಿಸಿ, ಪರದೆ ಮರೆಮಾಡಿ ಕೇಳುತ್ತಾರೆ: ಈಗ ಏನಾಗುತ್ತಿದೆ? ಅದರ ಅರ್ಥವೇನು? ಮುಂದೇನಾಗಲಿದೆ? ಇದಕ್ಕೂ ಕೊರತೆಯಿದೆ. ನಡುವೆ ನಿಲ್ಲಿಸಿದರೆ ಕೆಲಸದ ಲಯ ಮುರಿಯಬಹುದು. ಬರೀ ಅಂಕಿ ಕೇಳಿದರೆ ಅದು ನೆನಪಿನ ಪರೀಕ್ಷೆಯಾಗುತ್ತದೆ. ಹಾಗಾಗಿ ಕೇಳಬೇಕಾದದ್ದು ಮಟ್ಟ ಎಷ್ಟೆಂದಲ್ಲ, ಏರುತ್ತಿದೆಯೋ ಇಳಿಯುತ್ತಿದೆಯೋ, ಅದನ್ನು ಯಾವ ಆಧಾರದ ಮೇಲೆ ನಂಬಿದಿರಿ ಎಂದು.

ನನ್ನ ತೀರ್ಪು ಇಷ್ಟು: ವೇಗ, ತಪ್ಪು, ಹೊರೆ ಮೂರನ್ನೂ ಅಳೆಯಿರಿ, ಆದರೆ ತಿಳಿವಳಿಕೆಗೆ ಮೊದಲ ಸ್ಥಾನ ಕೊಡಿ. ಪರೀಕ್ಷೆಯಲ್ಲಿ ಒಂದು ಮಾಪಕವಾದರೂ ಸುಳ್ಳು ಹೇಳಲಿ. ಆ ಸುಳ್ಳನ್ನು ಹಿಡಿಯಲು ಆಪರೇಟರ್‌ಗೆ ನೆರವಾಗದ ಪರದೆಯನ್ನು, ಉಳಿದ ಅಂಕ ಎಷ್ಟೇ ಚೆನ್ನಾಗಿರಲಿ, ಸ್ಥಾವರಕ್ಕೆ ಬಿಟ್ಟುಕೊಳ್ಳಬಾರದು.