ನಾಲ್ಕನೆಯ ತಂತಿ

ನನ್ನ ತಂಗಿಯ ಮಗ ಮದ್ದೂರಿನಲ್ಲಿ ಕುಳಿತು ಹಳೆಯ ಕಾಲದ ಕಂಪ್ಯೂಟರ್ ಕಟ್ಟುತ್ತಾನೆ. ಹೊಸದಕ್ಕೆ ಹಣವಿಲ್ಲವೆಂದಲ್ಲ, ಕೆಲವರು ಅಂಚೆಚೀಟಿ ಕೂಡಿಸುತ್ತಾರಲ್ಲ, ಹಾಗೆ. 1976ರಲ್ಲಿ ಬಂದ ಝಡ್‌80 ಚಿಪ್ಪೇ ಅದರ ತಲೆ. ಬೇಕಾದ ಕಾರ್ಡುಗಳನ್ನು ಒಂದೊಂದಾಗಿ ಸಿಕ್ಕಿಸುತ್ತ ಹೋಗಬೇಕು. ಈ ಸಲ ಅವನು ಮಾಡಿದ್ದು ನಾದದ ಕಾರ್ಡು, ಮಳವಳ್ಳಿಯ ನಮ್ಮ ಅವ್ವನಿಗೆ ತಂಬೂರಿಯಾಗಲೆಂದು. ಅವ್ವನ ತಂಬೂರಿಯ ಬುರುಡೆ ಒಡೆದು ವರ್ಷವಾಯಿತು. ಬೆರಳಿನ ಗಂಟುನೋವು ಬೇರೆ. ಶ್ರುತಿಯಿಲ್ಲದೆ ಹಾಡುವುದಿಲ್ಲವೆಂದು ಹಾಡುವುದನ್ನೇ ಬಿಟ್ಟಿದ್ದರು.

ಅಂಗಡಿಯದನ್ನೇ ತರಬಹುದಿತ್ತಲ್ಲ ಎನ್ನುತ್ತೀರಿ. ನಿಜ. ಬೆಂಗಳೂರಿನ ಜಿ. ರಾಜ್ ನಾರಾಯಣ್ 1979ರಲ್ಲೇ ಇಲೆಕ್ಟ್ರಾನಿಕ್ ತಂಬೂರಿ ಮಾಡಿದವರು. ಅವರು ಎಂಜಿನಿಯರೂ ಹೌದು, ಕೊಳಲು ನುಡಿಸುವವರೂ ಹೌದು. ಅವರ ರಾಡೆಲ್ ಪೆಟ್ಟಿಗೆಗಳನ್ನು ನಾವೆಲ್ಲ ಕಚೇರಿಗಳಲ್ಲಿ ಕಂಡಿದ್ದೇವೆ. ಆದರೆ ಮೊಮ್ಮಗ ಕೈಯಾರೆ ಮಾಡಿ ತಂದದ್ದನ್ನು ಬೇಡವೆನ್ನುವ ಅಜ್ಜಿ ಎಲ್ಲಿದ್ದಾಳೆ?

ತಂದ, ಹಚ್ಚಿದ. ಅವ್ವ ಕಣ್ಣು ಮುಚ್ಚಿ ಕೇಳಿ, "ನಾಲ್ಕನೇ ತಂತಿ ಎಲ್ಲೋ ಮಗಾ?" ಎಂದರು.

ಹುಡುಗ ಪೆಚ್ಚಾದ. ಅವನು ಬಳಸಿದ ಎಸ್ಎನ್76489 ಚಿಪ್ಪು, 1984ರಲ್ಲಿ ಕ್ಲಾಸ್ ಯೋಜನೆಯಡಿ ನಮ್ಮ ದೇಶದ ಶಾಲೆಗಳಿಗೆ ಬಂದ ಬಿಬಿಸಿ ಮೈಕ್ರೋದಲ್ಲಿ ಇದ್ದದ್ದೇ. ಸ್ವರಕ್ಕೆ ಮೂರೇ ಕಂಠ, ಗದ್ದಲಕ್ಕೆ ಒಂದು. ಗಣಿತ ಸುಲಭ, ನನ್ನ ಏಳನೇ ತರಗತಿಯ ಮಕ್ಕಳೂ ಮಾಡಿಯಾರು. 1,25,000ವನ್ನು ನಾವು ಕೊಟ್ಟ ಸಂಖ್ಯೆಯಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕಂಪನವೆಂದು ಸಿಗುತ್ತದೆ. ಆ ಸಂಖ್ಯೆ 1023 ದಾಟದು. ಎಂದರೆ 122ಕ್ಕಿಂತ ಕೆಳಗಿನ ಸ್ವರವಿಲ್ಲ. ಅವ್ವನದು ಐದು ಮನೆ ಶ್ರುತಿ, ಷಡ್ಜ 196. ಪಂಚಮದ ತಂತಿ 147, ಸರಿ. ಆದರೆ ಮಂದ್ರ ಷಡ್ಜ 98! ಅದು ಸಿಗದೆ ಇವನು ಅಲ್ಲಿ ಮತ್ತೊಮ್ಮೆ ಸಾರಣಿಯನ್ನೇ ಬಾರಿಸಿಬಿಟ್ಟಿದ್ದ. ಮೂರು ಕಂಠವಾದ್ದರಿಂದ ನಾಲ್ಕನೆಯದು ಬರುವಷ್ಟರಲ್ಲಿ ಮೊದಲನೆಯದರ ಕತ್ತು ಹಿಸುಕಿದಂತೆ. ತಂಬೂರಿಯಲ್ಲಿ ಒಂದರ ನಾದ ಇನ್ನೊಂದರ ಮೇಲೆ ಒರಗಿಕೊಂಡಿರಬೇಕಲ್ಲವೇ?

ಮುಂದಿನ ವಾರ ಗಡಿಯಾರದ ವೇಗವನ್ನು ಅರ್ಧ ಮಾಡಿ ತಂದ. ಮಂದ್ರ ಬಂತು. ಆದರೆ ಅದೇ ಕಾರ್ಡಿನಲ್ಲಿ ಹಾಡಿನ ಸ್ವರವನ್ನೂ ನುಡಿಸಹೋಗಿ ತಾರಸ್ಥಾಯಿ ಕೆಟ್ಟಿತು. ಪಂಚಮದ ಬಳಿ ಒಂದು ಮೆಟ್ಟಿಲಿಗೆ ಮೂರಕ್ಕೂ ಕಡಿಮೆಯಿದ್ದ ಅಂತರ ಐದು ಕಂಪನ ದಾಟಿತು. ಗಮಕ ಜಾರುವ ಬದಲು ಕುಪ್ಪಳಿಸಿತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಂಗೆ ಬಾಗಿಲು ಹಾಕಿದ್ದಕ್ಕೂ ಇಂಥದೇ ದೂರಿತ್ತು. "ಒಂದು ಬೇಕಾದರೆ ಒಂದು ಬಿಡಬೇಕು ದೊಡ್ಡಮ್ಮ" ಎಂದ. ನನಗೆ ಒಪ್ಪಿಗೆಯಾಗಲಿಲ್ಲ. ಒಂದೇ ಒಲೆಯ ಮೇಲೆ ಅನ್ನವನ್ನೂ ಸಾರನ್ನೂ ಒಟ್ಟಿಗೆ ಯಾರು ಮಾಡುತ್ತಾರೆ? ಎರಡು ಚಿಪ್ಪು ಹಾಕು, ನಿಧಾನದ್ದು ತಂಬೂರಿಗೆ, ವೇಗದ್ದು ಹಾಡಿಗೆ ಎಂದೆ. ತಂಬೂರಿಯ ನಾಲ್ಕನೇ ಕಂಠವನ್ನೂ ವೇಗದ ಚಿಪ್ಪಿನಿಂದ ಎರವಲು ಪಡೆಯಬಹುದು.

ನಾದದ ಬಗೆಗೆ ನನ್ನ ತಕರಾರು ಉಳಿದೇ ಇದೆ. ಜೀವಾಳದ ದಾರ ಕೊಡುವ ಝೇಂಕಾರ ಅದರಲ್ಲಿಲ್ಲ. ಕೊಳವೆಯೊಳಗೆ ನಿಂತು ಗುನುಗಿದಂತಿದೆ. ನಾದ ಆರುವುದೂ 16 ಮೆಟ್ಟಿಲಿಳಿದು.

ಮೊನ್ನೆ ಎರಡು ಚಿಪ್ಪಿನದು ಬಂತು. ಅವ್ವ ಬಹಳ ಹೊತ್ತು ಕೇಳಿದರು. "ಪಂಚಮ ಕೂದಲೆಳೆಯಷ್ಟು ಇಳಿದಿದೆ" ಎಂದರು. ಹುಡುಗ ನೋಡಿದ. ಪಾಶ್ಚಾತ್ಯ ಕೀಬೋರ್ಡಿನ ಪಟ್ಟಿ ನೋಡಿ 426 ಎಂದು ಬರೆದಿದ್ದ. 425 ಮಾಡಿದ. ಅವ್ವ ಸೆರಗು ಸರಿಪಡಿಸಿಕೊಂಡು ಗೋಡೆಗೆ ಒರಗಿದ್ದವರು ನೆಟ್ಟಗೆ ಕುಳಿತರು.