ಆಡಿನ ಮೇವಿನ ಅಳತೆಯಲ್ಲಿ ಗಿನಿಪಿಗ್

ಮರಾಠವಾಡದ ಉಮರ್ಗಾ, ನಿಲಂಗಾ, ಉದಗೀರ ತಾಲ್ಲೂಕುಗಳು ಉಸ್ಮಾನಾಬಾದಿ ತಳಿಯ ಆಡಿನ ಸೀಮೆಗೆ ಸೇರಿದವು. ಮೇವಿಗೆ ಬಾಯಿ ಹಾಕದ ಆಡನ್ನು ನಸುಕಿನಲ್ಲೇ ಗುರುತಿಸುವುದು, ಹಿಕ್ಕೆ ತೆಳುವಾದರೆ ಮೇವು ಬದಲಿಸುವುದು, ಎಡಪಕ್ಕೆ ತಟ್ಟಿ ಹೊಟ್ಟೆಯುಬ್ಬರ ತಿಳಿಯುವುದು ಇಲ್ಲಿನ ಸಾಕಣೆದಾರರಿಗೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ. ಆಂಡೀಸ್ ಪರ್ವತಸೀಮೆಯ ಮೂಲದ, ಇಲಿ-ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಗಿನಿಪಿಗ್ ಇಂಥ ಮನೆಗೆ ಬಂದರೆ ಈ ಅರಿವು ಎಷ್ಟು ದೂರ ನಡೆಯುತ್ತದೆ ಎಂಬುದು ಪರಿಶೀಲಿಸಬೇಕಾದ ಪ್ರಶ್ನೆ.

ನಾರಿನ ಮೇವೇ ಮೊದಲು, ಕಾಳು ಆಮೇಲೆ ಎಂಬ ಆಡಿನ ಪಾಠ ಇಲ್ಲಿಯೂ ಸರಿ: ನಿರಂತರ ಬೆಳೆಯುವ ಹಲ್ಲು ಸವೆಯಲು ಮತ್ತು ಕುರುಡುಗರುಳಿನಲ್ಲಿ ನಾರು ಹುಳಿತು ಜೀರ್ಣವಾಗಲು ಒಣಹುಲ್ಲು ಹಗಲಿರುಳು ಎದುರಿಗಿರಬೇಕು. ಆದರೆ ಆಡು ತನ್ನ ಪಿತ್ತಜನಕಾಂಗದಲ್ಲೇ ಸಿ ಜೀವಸತ್ವವನ್ನು ತಯಾರಿಸಿಕೊಳ್ಳುತ್ತದೆ, ಗಿನಿಪಿಗ್‌ಗೆ ಮನುಷ್ಯನಂತೆಯೇ ಆ ಶಕ್ತಿಯಿಲ್ಲ. 1907ರಲ್ಲಿ ನಾರ್ವೆಯ ವಿಜ್ಞಾನಿಗಳಾದ ಹೋಲ್ಸ್ಟ್ ಮತ್ತು ಫ್ರೋಲಿಕ್ ಬರೀ ಧಾನ್ಯ ತಿನ್ನಿಸಿ ಗಿನಿಪಿಗ್‌ನಲ್ಲಿ ಈ ಜೀವಸತ್ವದ ಕೊರತೆಯ ರೋಗವಾದ ಸ್ಕರ್ವಿಯನ್ನು ಉಂಟುಮಾಡಿ ತೋರಿಸಲು ಸಾಧ್ಯವಾದದ್ದು ಇದೇ ಕಾರಣಕ್ಕೆ. ಆದ್ದರಿಂದ ಜೋಳದ ಒಣ ಕಣಿಕೆ, ತೊಗರಿ ಹೊಟ್ಟುಗಳನ್ನಷ್ಟೇ ನಂಬಿದ ಸಾಕಣೆಯಲ್ಲಿ ಕೀಲು ಬಾತು ಕುಂಟುವ, ರೋಮ ಕೆದರಿದ ಪ್ರಾಣಿಯನ್ನು ಪೆಟ್ಟು ಬಿದ್ದದ್ದೆಂದು ತಿಳಿಯುವ ಅಪಾಯವಿದೆ. ದಿನಕ್ಕೆ ದೇಹತೂಕದ ಕಿಲೋಗೆ ಸುಮಾರು 10ರಿಂದ 30 ಮಿಲಿಗ್ರಾಂ ಈ ಜೀವಸತ್ವ ಬೇಕಾಗಿದ್ದು, ಡೊಣ್ಣೆ ಮೆಣಸಿನಕಾಯಿಯ ಚೂರು, ಕೊತ್ತಂಬರಿ ಸೊಪ್ಪು, ಆಗಾಗ ಪೇರಲದ ತುಣುಕು ಅದನ್ನು ಒದಗಿಸಬಲ್ಲವು. ನೀರಿಗೆ ಬೆರೆಸಿದರೆ ಸತ್ವ ಬೇಗ ಕೆಡುತ್ತದೆ. ಆಡಿಗೆ ಉತ್ತಮವೆನಿಸಿದ ಕುದುರೆ ಮಸಾಲೆ ಸೊಪ್ಪು ಗಿನಿಪಿಗ್ ಮರಿಗಳಿಗೂ ಗಬ್ಬದವಕ್ಕೂ ಒಳಿತೇ, ಆದರೆ ಸುಣ್ಣದಂಶ ಹೆಚ್ಚಿರುವುದರಿಂದ ಬೆಳೆದ ಪ್ರಾಣಿಗೆ ಮೂತ್ರಕಲ್ಲಿನ ಭಯ ತರುತ್ತದೆ.

ಕಣ್ಣಂದಾಜಿನ ಮೇಲಿನ ನಂಬಿಕೆ ಇನ್ನೊಂದು ದೋಷ. ಬೇಟೆಗೆ ಬಲಿಯಾಗುವ ಪ್ರಾಣಿಯಾದ ಗಿನಿಪಿಗ್ ಬೇನೆಯನ್ನು ಕೊನೆಯವರೆಗೂ ಮರೆಮಾಚುತ್ತದೆ. ಒಂದು ಕಿಲೋ ಆಸುಪಾಸಿನ ಮೈಯಲ್ಲಿ ಐವತ್ತು ಗ್ರಾಂ ಇಳಿದದ್ದು ಕೈಗೆ ತಿಳಿಯದು, ಅಡುಗೆಮನೆಯ ತಕ್ಕಡಿಗೆ ಮಾತ್ರ ತಿಳಿದೀತು, ಹೀಗಾಗಿ ವಾರಕ್ಕೊಮ್ಮೆ ತೂಗಿ ಬರೆದಿಡುವುದು ಅಗತ್ಯ. ಒಂದು ದಿನ ಮೇವು ಬಿಟ್ಟರೂ ಕಾಯುವಂತಿಲ್ಲ. ಮರಾಠವಾಡದ ಬೇಸಿಗೆಯಂತೂ ಮೂವತ್ತು ಡಿಗ್ರಿ ದಾಟಿದರೇ ಬಳಲುವ ಈ ಪ್ರಾಣಿಗೆ ಮಾರಕ. ಉದಗೀರದಲ್ಲಿ ಪಶುವೈದ್ಯಕೀಯ ಕಾಲೇಜು ಇರುವುದರಿಂದ ಬಲ್ಲವರ ನೆರವು ದೂರವಿಲ್ಲ, ಆದರೂ ದನ-ಆಡುಗಳಿಗೆಂದು ತಂದಿಟ್ಟ ಪೆನಿಸಿಲಿನ್ ಜಾತಿಯ ಔಷಧವನ್ನು ಮನೆಯಲ್ಲೇ ಕೊಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು: ಅದು ಗಿನಿಪಿಗ್‌ನ ಕರುಳಿನ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು, ವಿಷಕಾರಿ ಜೀವಿಗಳು ಹೆಚ್ಚಲು ಎಡೆಮಾಡಿ, ಕೆಲವೇ ದಿನಗಳಲ್ಲಿ ಪ್ರಾಣ ತೆಗೆಯಬಲ್ಲದು.